ವಿದ್ಯಾರ್ಥಿ ಅಂಬೇಡ್ಕರ್

ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಭೀಮರಾವ್ ಅಂಬೇಡ್ಕರ್ ಅವರ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಅವರು ಗಳಿಸಿದ ಪದವಿಗಳ ಸಾಲನ್ನು ಸಭೆಗಳಲ್ಲಿ ಭಾಷಣಕಾರರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದುಂಟು. ಆದರೆ ಒಂದು ಪದವಿಗೂ ಮತ್ತೊಂದಕ್ಕೂ ನಡುವೆ ಎಷ್ಟು ವರ್ಷಗಳು ಉರುಳಿದವು, ಆ ವರ್ಷಗಳಲ್ಲಿ ಅವರ ಹೊಟ್ಟೆಪಾಡು ಹೇಗೆ ಸಾಗಿತು ಎಂದು ವಿಚಾರಿಸುವವರು ವಿರಳ. ಅಂತಿಮ ಬಿ.ಎ. ತರಗತಿಯಲ್ಲಿ ಓದುತ್ತಿರುವ ನನಗೆ ಆ ನಡುವಿನ ವರ್ಷಗಳೇ ಹೆಚ್ಚು ಬೋಧಪ್ರದವಾಗಿ ತೋರಿವೆ. ಅವುಗಳನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ಅಂಬೇಡ್ಕರ್ ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮಜಿಯವರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅಸ್ಪೃಶ್ಯರೆಂದು ದೂರವಿಟ್ಟ ಜಾತಿಯಲ್ಲಿ ಹುಟ್ಟಿದ ಈ ಬಾಲಕನಿಗೆ ಶಾಲೆಯ ನೀರಿನ ಕೊಡವನ್ನು ಮುಟ್ಟುವ ಅಧಿಕಾರವೂ ಇರಲಿಲ್ಲ. ಮುಂಬಯಿಯಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾದ ಮೇಲೆ ಬರೋಡದ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಕೊಟ್ಟರು. ಅದರ ನೆರವಿನಿಂದ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿ.ಎ. ಮುಗಿಸಿದರು. ಮರುವರ್ಷದ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಮಹಾರಾಜರೇ ಮೂರು ವರ್ಷಗಳ ವೇತನ ಕೊಟ್ಟು ಅವರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ವ್ಯಾಸಂಗ ಮುಗಿದೊಡನೆ ಹತ್ತು ವರ್ಷ ಬರೋಡದ ಸೇವೆ ಮಾಡಬೇಕೆಂಬುದು ಕರಾರು.

ಕೊಲಂಬಿಯಾದಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿ 1915ರಲ್ಲಿ ಎಂ.ಎ. ಪಡೆದರು. 1916ರಲ್ಲಿ ಲಂಡನ್ನಿಗೆ ಬಂದು, ಅರ್ಥಶಾಸ್ತ್ರಕ್ಕಾಗಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸನ್ನೂ ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್ನನ್ನೂ ಒಟ್ಟಿಗೇ ಸೇರಿದರು. ಒಂದು ವರ್ಷ ತುಂಬುವುದರೊಳಗೆ ವಿದ್ಯಾರ್ಥಿವೇತನ ಮುಗಿಯಿತು. ಬರೋಡದಿಂದ ಕರೆ ಬಂದಿತು. ಎರಡೂ ಕಡೆ ಪ್ರವೇಶ ದೊರೆತಿತ್ತು, ಎರಡೂ ಕಡೆ ಪರೀಕ್ಷೆ ಉಳಿದಿತ್ತು. ಅವರು ನಾಲ್ಕು ವರ್ಷಗಳ ಒಳಗೆ ಮರಳಿ ಬಂದು ವ್ಯಾಸಂಗ ಮುಂದುವರಿಸಲು ಅನುಮತಿ ಪಡೆದುಕೊಂಡು 1917ರಲ್ಲಿ ಊರಿಗೆ ಹೊರಟರು. ಅವರ ಪುಸ್ತಕ ಸಾಮಾನುಗಳನ್ನು ಹೊತ್ತು ಬರುತ್ತಿದ್ದ ಬೇರೊಂದು ಹಡಗು ಯುದ್ಧದ ದೆಸೆಯಿಂದ ಸಮುದ್ರದ ಪಾಲಾಯಿತು.

ಅಮೆರಿಕದಲ್ಲಿ ಎಂ.ಎ. ಮಾಡಿ ಬಂದ ಈ ಅಧಿಕಾರಿಗೆ ಬರೋಡದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿಗಳ ವಸತಿಗೃಹವೊಂದರಲ್ಲಿ ಇಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಜನರ ಗುಂಪು ಬಂದು ಜಾತಿಯನ್ನು ವಿಚಾರಿಸಿ ಅವರನ್ನು ಹೊರಹಾಕಿತು. ಸಾರ್ವಜನಿಕ ಉದ್ಯಾನದಲ್ಲಿ ಹೊತ್ತು ಕಳೆದು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹಿಂದಿರುಗಿದರು. ಪದವಿಯೊಂದೇ ಮನುಷ್ಯನಿಗೆ ನೆರಳು ಕೊಡಲಾರದೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಕೆ?

ಮುಂದಿನ ದಿನಗಳಲ್ಲಿ ಅವರು ಮನೆಪಾಠ ಹೇಳಿದರು. ಷೇರು ವ್ಯವಹಾರದಲ್ಲಿ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆಗಾರರ ಜಾತಿ ತಿಳಿದೊಡನೆ ಗಿರಾಕಿಗಳು ದೂರವಾದರು. 1918ರ ನವೆಂಬರಿನಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಸಂಬಳ ತಿಂಗಳಿಗೆ 450 ರೂಪಾಯಿ. ಅಂದಿನ ಕಾಲಕ್ಕೆ ಅದು ಸುಖವಾಗಿ ಕುಳಿತು ಉಣ್ಣಬಹುದಾದ ವರಮಾನ. ಅಲ್ಲಿಯೂ ಕೆಲವು ಸಹೋದ್ಯೋಗಿಗಳು ಅವರು ನೀರಿನ ಮಡಕೆಯನ್ನು ಮುಟ್ಟುವುದಕ್ಕೆ ಆಕ್ಷೇಪಿಸಿದರು. ಅಂಬೇಡ್ಕರ್ ಅವರ ಲಕ್ಷ್ಯವೆಲ್ಲ ಲಂಡನ್ನಿನ ಆ ಗಡುವಿನ ಮೇಲಿತ್ತು. ಅವರ ಪತ್ನಿ ರಮಾಬಾಯಿಯವರು ಬಿಗಿಹಿಡಿದು ಸಂಸಾರ ನಡೆಸಿದರು. ಹೀಗೆ ಉಳಿಸಿದ ಹಣಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಮಿತ್ರ ನವಲ್ ಭಥೇನಾ ಅವರು ಕೊಟ್ಟ ಸಾಲವೂ ಕೂಡಿದವು. 1920ರಲ್ಲಿ ಕೆಲಸ ಬಿಟ್ಟು, ಗಡುವು ಮೀರುವ ಮೊದಲೇ, ಅವರು ಮತ್ತೆ ಲಂಡನ್ ಸೇರಿದರು.

ಈ ಬಾರಿ ಒಂದೊಂದು ದಿನಕ್ಕೂ ಬೆಲೆಯಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನ ಪುಸ್ತಕಾಲಯದಲ್ಲಿ ಬೆಳಗಿನಿಂದ ಬಾಗಿಲು ಹಾಕುವ ತನಕ ಅರೆಹೊಟ್ಟೆಯಲ್ಲಿ ಕುಳಿತು ಓದಿದರು. 1921ರಲ್ಲಿ ಎಂ.ಎಸ್‌ಸಿ., 1922ರಲ್ಲಿ ಬ್ಯಾರಿಸ್ಟರ್ ಪದವಿ ಕೈಗೂಡಿದವು. ರೂಪಾಯಿಯ ಸಮಸ್ಯೆಯನ್ನು ಕುರಿತು ಡಿ.ಎಸ್‌ಸಿ. ಪದವಿಗೆ ಬರೆದ ಮಹಾಪ್ರಬಂಧವನ್ನು ಮಾತ್ರ ಪರೀಕ್ಷಕರು ತಿದ್ದಿ ಬರೆಯಬೇಕೆಂದರು. ಕೈಯಲ್ಲಿ ಹಣವಿರಲಿಲ್ಲ, 1923ರ ವಸಂತದಲ್ಲಿ ಮುಂಬಯಿಗೆ ಬಂದು ಇಲ್ಲಿಂದಲೇ ತಿದ್ದಿ ಕಳುಹಿಸಿದರು. ಅದೇ ವರ್ಷ ಪದವಿ ದೊರೆಯಿತು.

ಇಷ್ಟಾದರೂ ವಕೀಲಿ ವೃತ್ತಿಯ ಬಾಗಿಲು ತಾನಾಗಿ ತೆರೆಯಲಿಲ್ಲ. ಉಚ್ಚ ನ್ಯಾಯಾಲಯದಲ್ಲಿ ಕೆಲಸ ಆರಂಭಿಸಿದ ಹೊಸ ಬ್ಯಾರಿಸ್ಟರಿಗೆ ಕಕ್ಷಿಗಾರರು ಅಪರೂಪ. ಜೀವನೋಪಾಯಕ್ಕಾಗಿ 1925ರಿಂದ ಲೆಕ್ಕಶಾಸ್ತ್ರದ ಖಾಸಗಿ ಸಂಸ್ಥೆಯೊಂದರಲ್ಲಿ ವಾಣಿಜ್ಯ ಕಾನೂನನ್ನು ಬೋಧಿಸಿದರು. 1927ರಲ್ಲಿ ಕೊಲಂಬಿಯಾದ ಪಿಎಚ್.ಡಿ. ಕೈಸೇರಿತು. ಬಿ.ಎ. ಆದಂದಿನಿಂದ ಆ ದಿನಕ್ಕೆ ಹದಿನೈದು ವರ್ಷಗಳು ಕಳೆದಿದ್ದವು.

ಇದರಿಂದ ನಾವು ಕಲಿಯಬೇಕಾದುದೇನು? ಅಂಬೇಡ್ಕರ್ ಅವರು ಅಸಾಧಾರಣ ಮೇಧಾವಿಗಳು, ಅವರಂತೆ ನಾವಾಗುವುದೆಂತು ಎಂದು ಕೈಮುಗಿದು ಸುಮ್ಮನಾಗುವುದು ಸುಲಭ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಪರೀಕ್ಷೆ ಮುಗಿದೊಡನೆ ಸಂಪಾದನೆಗೆ ನಿಲ್ಲಬೇಕೋ, ಎಂ.ಎ. ಪ್ರವೇಶಕ್ಕೆ ಅರ್ಜಿ ಹಾಕಬೇಕೋ ಎಂಬ ಪ್ರಶ್ನೆ ನನ್ನೆದುರಿಗೂ ನನ್ನಂಥ ಅನೇಕ ಮಿತ್ರರೆದುರಿಗೂ ಇದೆ. ಕೆಲಸಕ್ಕೆ ಸೇರಿದರೆ ಓದು ಮುಗಿದಂತೆಯೇ ಎಂದು ನಮ್ಮಲ್ಲಿ ಎಲ್ಲರೂ ಭಾವಿಸುತ್ತಾರೆ. ಅಂಬೇಡ್ಕರ್ ಅವರ ಬಾಳು ಹಾಗೆ ಹೇಳುವುದಿಲ್ಲ. ಅವರು ಓದನ್ನು ನಿಲ್ಲಿಸಿದಾಗಲೂ ಮರಳುವ ದಾರಿಯನ್ನು ಅಧಿಕಾರಿಗಳಿಂದ ಕೇಳಿ ಭದ್ರಪಡಿಸಿಕೊಂಡಿದ್ದರು. ಉದ್ಯೋಗವನ್ನು ಆ ದಾರಿಗೆ ಬುತ್ತಿಯನ್ನಾಗಿ ಮಾಡಿಕೊಂಡರು.

ಹಾಗೆಂದು ಛಲವೊಂದಿದ್ದರೆ ಸಾಕೆಂದು ಹೇಳುವುದು ಬಡವರಿಗೆ ಮಾಡುವ ಅನ್ಯಾಯ. ಇಬ್ಬರು ಮಹಾರಾಜರ ನೆರವು, ಒಬ್ಬ ಮಿತ್ರನ ಸಾಲ, ಗೃಹಿಣಿಯೊಬ್ಬರ ತ್ಯಾಗ ಇಲ್ಲದೆ ಆ ಛಲ ಫಲಿಸುತ್ತಿರಲಿಲ್ಲ. ಇದನ್ನು ಅವರೇ ಚೆನ್ನಾಗಿ ಅರಿತಿದ್ದರು. 1946ರಲ್ಲಿ ಅವರ ಸಂಸ್ಥೆ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದು, ದುಡಿದು ಓದುವವರ ಅನುಕೂಲಕ್ಕಾಗಿ ಬೆಳಗಿನ ತರಗತಿಗಳನ್ನು ನಡೆಸಿತು. 1956ರ ಡಿಸೆಂಬರ್ 6ರಂದು ಅಂಬೇಡ್ಕರ್ ಅವರು ಕಾಲವಾದರು. ತಾವು ಕಷ್ಟಪಟ್ಟು ದಾಟಿದ ಹೊಳೆಗೆ ಹಿಂದೆ ಬರುವವರಿಗಾಗಿ ಸೇತುವೆ ಕಟ್ಟಿಹೋದರು. ನಮ್ಮಲ್ಲಿ ಮೊದಲು ದಡ ಸೇರಿದವರು ಆ ಕೆಲಸವನ್ನು ಮರೆಯದಿರಲಿ.