ಬೆಂಗಳೂರಿಗೆ ಹೂವಿನ ಪಂಚಾಂಗ ಬರೆದ ಕೃಂಬಿಗಲ್

ಚಳಿಗಾಲದಲ್ಲಿ ಗುಲಾಬಿ ಬಣ್ಣದ ತಬೂಬಿಯಾ, ಫೆಬ್ರುವರಿ ಕಳೆಯುವ ಹೊತ್ತಿಗೆ ಹಳದಿ ತಬೂಬಿಯಾ, ಮಾರ್ಚ್‌ನಲ್ಲಿ ನೀಲಿ ಜಕರಂಡ, ಏಪ್ರಿಲ್-ಮೇ ತಿಂಗಳಲ್ಲಿ ಕೆಂಡದಂತೆ ಕಂಗೊಳಿಸುವ ಗುಲ್‌ಮೊಹರ್. ಒಂದು ಮರ ಹೂವುದುರಿಸಿ ಸುಮ್ಮನಾಗುವಷ್ಟರಲ್ಲಿ ಮತ್ತೊಂದು ಅರಳಿ ನಿಲ್ಲುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳ ನಿವಾಸಿಗಳಿಗೆ ಇದು ಋತುಧರ್ಮವೆನಿಸಿರಬಹುದು. ಆದರೆ ಇದರ ಹಿಂದೆ ಒಬ್ಬ ತೋಟಗಾರನ ಲೆಕ್ಕಾಚಾರವಿದೆ. ಆತನ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್.

ಕೃಂಬಿಗಲ್ ಜನಿಸಿದ್ದು 1865ರ ಡಿಸೆಂಬರ್‌ನಲ್ಲಿ, ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆಯ ಶಿಕ್ಷಣ ಪಡೆದು 1888ರಲ್ಲಿ ಇಂಗ್ಲೆಂಡಿಗೆ ತೆರಳಿದ ಅವರು, ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳನ್ನು ರೂಪಿಸಿದರು. ಬಳಿಕ ವಿಶ್ವವಿಖ್ಯಾತ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದರು. ಭಾರತಕ್ಕೆ ಅವರನ್ನು ಕರೆತಂದದ್ದು ಬರೋಡಾ ಸಂಸ್ಥಾನ. 1893ರಲ್ಲಿ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರ ಆಡಳಿತದಲ್ಲಿ ಉದ್ಯಾನಗಳ ಹೊಣೆ ಹೊತ್ತ ಅವರು, ಸುಮಾರು ಒಂದೂವರೆ ದಶಕ ಅಲ್ಲಿಯೇ ದುಡಿದರು.

ಆ ವೇಳೆಗೆ ಬೆಂಗಳೂರಿನ ಲಾಲ್‌ಬಾಗ್ ದೀರ್ಘ ಇತಿಹಾಸವುಳ್ಳ ತೋಟವಾಗಿತ್ತು. 1760ರ ಸುಮಾರಿಗೆ ಹೈದರಾಲಿ ಆರಂಭಿಸಿದ ಈ ತೋಟವನ್ನು ಟಿಪ್ಪು ಸುಲ್ತಾನ್ ಹೊರದೇಶಗಳ ಸಸಿಗಳನ್ನು ತರಿಸಿ ಬೆಳೆಸಿದ್ದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಇದರ ಉಸ್ತುವಾರಿ ವಹಿಸಿದ್ದ ಜಾನ್ ಕ್ಯಾಮರೂನ್ ಕಾಲದಲ್ಲಿಯೇ, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. ಕ್ಯಾಮರೂನ್ ನಿವೃತ್ತರಾದಾಗ ಅವರ ಸ್ಥಾನಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ಆರಿಸಿಕೊಂಡದ್ದು ಕೃಂಬಿಗಲ್ ಅವರನ್ನು. 1908ರಲ್ಲಿ ಅವರು ಬೆಂಗಳೂರಿಗೆ ಬಂದಿಳಿದರು.

ತೋಟವೆಂದರೆ ಬೇಲಿಯೊಳಗಿನ ಅಲಂಕಾರವಷ್ಟೇ ಎಂದು ಕೃಂಬಿಗಲ್ ಭಾವಿಸಿದವರಲ್ಲ. ಲಾಲ್‌ಬಾಗ್ ಅವರಿಗೆ ಒಂದು ಪ್ರಯೋಗಶಾಲೆ. ಹೊರದೇಶಗಳೊಡನೆ ಬೀಜ ಮತ್ತು ಸಸಿಗಳ ವಿನಿಮಯ ನಡೆಸಿ, ಬಂದದ್ದನ್ನು ಇಲ್ಲಿನ ಮಣ್ಣು-ಹವೆಗೆ ಒಗ್ಗಿಸಿ, ಒಗ್ಗಿದ್ದನ್ನು ಊರಿನೊಳಕ್ಕೆ ಕಳುಹಿಸುವುದು ಅವರ ಕ್ರಮವಾಗಿತ್ತು. ಅಲಂಕಾರದ ಗಿಡಗಳಷ್ಟೇ ಅಲ್ಲ, ರೈತನಿಗೆ ಆದಾಯ ತರಬಲ್ಲ ಸಸ್ಯಗಳತ್ತಲೂ ಅವರ ಗಮನವಿತ್ತು. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಸ್ಥಾಪನೆಯಾದಾಗ, ತೋಟಗಾರಿಕೆ ಸರ್ಕಾರದ ಕೆಲಸವಾಗಿದ್ದುದು ನಾಗರಿಕರ ಹವ್ಯಾಸವಾಗಿಯೂ ಬೆಳೆಯಿತು. ಇಂದಿನ ಫಲಪುಷ್ಪ ಪ್ರದರ್ಶನಗಳ ಪರಂಪರೆಯಲ್ಲಿ ಆ ಸಂಘಕ್ಕೆ ದೊಡ್ಡ ಪಾಲಿದೆ.

ಅವರ ಹೆಸರನ್ನು ಉಳಿಸಿದ್ದು ಮಾತ್ರ ಸರದಿ ಹೂವರಳಿಕೆಯ ಕಲ್ಪನೆ. ಯಾವ ಮರ ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಎಂಬುದನ್ನು ಅರಿತು, ಅದಕ್ಕೆ ಅನುಗುಣವಾಗಿ ರಸ್ತೆಬದಿಗೆ ಮರಗಳನ್ನು ಆಯ್ದರೆ ವರ್ಷದ ಯಾವ ಕಾಲದಲ್ಲೂ ನಗರ ಹೂವಿಲ್ಲದೆ ಬರಿದಾಗದು ಎಂಬುದೇ ಅದರ ತಿರುಳು. ಸಸಿ ನೆಟ್ಟ ಮರುವರ್ಷ ಫಲ ಕಾಣುವ ಕೆಲಸ ಇದಲ್ಲ. ನೆಟ್ಟವನ ತಲೆ ನರೆತ ಮೇಲೆ ಸಾಲುಮರಗಳು ಕೂಡುತ್ತವೆ, ನೆರಳು ಮುಂದಿನ ತಲೆಮಾರಿಗೆ ಸಲ್ಲುತ್ತದೆ. ಬೆಂಗಳೂರಿನ ಮರಗಳೆಲ್ಲ ಅವರೊಬ್ಬರೇ ನೆಟ್ಟವಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಲಕ್ಷಾಂತರ ಸಸಿಗಳು ಬೇರೂರಿದವು. ಆದರೂ ಹೂವಿನ ಮರಗಳ ಪಂಚಾಂಗಕ್ಕೆ ಮೊದಲ ಪುಟ ಬರೆದ ಕೀರ್ತಿ ಕೃಂಬಿಗಲ್ ಅವರದು.

ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದ ಹಿಂದೆಯೂ ಅವರ ಪರಿಶ್ರಮವಿದೆ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಸೌಂದರ್ಯದೃಷ್ಟಿ ಹಾಗೂ ಕೃಂಬಿಗಲ್ ಅವರ ಸಸ್ಯಜ್ಞಾನ ಅಲ್ಲಿ ಕೈಜೋಡಿಸಿದವು. 1932ರಲ್ಲಿ ಸೇವೆಯಿಂದ ನಿವೃತ್ತರಾದಾಗ ಅವರಿಗೆ 66 ವರ್ಷ. ಉತ್ತರಾಧಿಕಾರಿಯಾಗಿ ಬಂದವರು ಎಚ್.ಸಿ. ಜವರಾಯ. ಲಾಲ್‌ಬಾಗಿನ ಆಡಳಿತ ಐರೋಪ್ಯರ ಕೈಯಿಂದ ಕನ್ನಡಿಗರೊಬ್ಬರ ಕೈಗೆ ಬಂದಿತು. ಮುಂದೆ ಡಾ. ಎಂ.ಎಚ್. ಮರಿಗೌಡರು ಆ ಪರಂಪರೆಯನ್ನು ರಾಜ್ಯದಾದ್ಯಂತ ವಿಸ್ತರಿಸಿದರು.

ಇಷ್ಟೆಲ್ಲ ಮಾಡಿದ ವ್ಯಕ್ತಿಗೆ ಹುಟ್ಟಿದ ದೇಶವೇ ತೊಡಕಾದದ್ದು ವಿಪರ್ಯಾಸ. ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಮಹಾಯುದ್ಧಗಳ ಕಾಲದಲ್ಲಿ ಅವರನ್ನು ಶಂಕೆಯ ಕಣ್ಣಿನಿಂದ ನೋಡಲಾಯಿತು. ಎರಡನೇ ಮಹಾಯುದ್ಧದ ವೇಳೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಬಂಧನವನ್ನೂ ಅನುಭವಿಸಬೇಕಾಯಿತು. ತಾನು ನೆಟ್ಟ ಮರಗಳು ಬೀದಿಬೀದಿಗಳಲ್ಲಿ ಹೂ ಚೆಲ್ಲುತ್ತಿದ್ದಾಗ, ನೆಟ್ಟಾತ ಮಾತ್ರ ಕಾಗದಪತ್ರಗಳಲ್ಲಿ ಶತ್ರುದೇಶದವನಾಗಿದ್ದ. ಆದರೂ ಯುದ್ಧ ಮುಗಿದ ಮೇಲೆ ಅವರು ಜರ್ಮನಿಗೆ ಹಿಂದಿರುಗಲಿಲ್ಲ. ಸ್ವಾತಂತ್ರ್ಯವನ್ನು ಕಂಡು, ಗಣರಾಜ್ಯವನ್ನೂ ಕಂಡು, 1956ರ ಫೆಬ್ರುವರಿಯಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಲಾಲ್‌ಬಾಗಿನ ಮಗ್ಗುಲ ರಸ್ತೆಯೊಂದಕ್ಕೆ ಅವರ ಹೆಸರಿದೆ. ಉದ್ಯಾನದೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಉಪನ್ಯಾಸ ಭವನ ಆರೈಕೆಯಿಲ್ಲದೆ ಸೊರಗಿ 2017ರಲ್ಲಿ ಕುಸಿದುಬಿದ್ದಿತು. ಬಳಿಕ ಅದನ್ನು ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಲಾಯಿತು. ಕಟ್ಟಡವನ್ನು ಹಾಗೆ ಮತ್ತೆ ನಿಲ್ಲಿಸಬಹುದು. ರಸ್ತೆ ವಿಸ್ತರಣೆಗೆ ಉರುಳಿದ ಸಾಲುಮರವನ್ನು ಹಾಗೆ ನಿಲ್ಲಿಸಲಾಗದು. ಅದಕ್ಕೆ ಮತ್ತೊಂದು ತಲೆಮಾರೇ ಕಾಯಬೇಕು. ಕೃಂಬಿಗಲ್ ಬರೆದಿಟ್ಟ ಪಂಚಾಂಗದಿಂದ ಹೀಗೆ ಒಂದೊಂದೇ ಪುಟ ಹರಿದುಹೋಗುತ್ತಿದೆ. ಉಳಿದ ಪುಟಗಳನ್ನು ಕಾಯುವ ಹೊಣೆ ಆ ಹೂವುಗಳ ಕೆಳಗೆ ದಿನವೂ ಓಡಾಡುವ ನಾಗರಿಕರದು.