ಹುಲ್ಲುಗಾವಲಿನ ಅಪ್ಪ ಚಾರ್ಲ್ಸ್ ಇಂಗಲ್ಸ್

ಅಮೆರಿಕದ ಬಡ ರೈತ ಚಾರ್ಲ್ಸ್ ಇಂಗಲ್ಸ್ ಅವರ ಹೆಸರು ಉಳಿದಿರುವುದು ಮಗಳು ಲಾರಾ ಬರೆದ ಪುಸ್ತಕಗಳಿಂದ. 1836ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಅವರು 1860ರಲ್ಲಿ ಕ್ಯಾರೊಲಿನ್ ಅವರನ್ನು ಮದುವೆಯಾದರು. ಮುಂದೆ ಗಾಡಿಯಲ್ಲಿ ಸಂಸಾರ ಹೇರಿಕೊಂಡು ಕಾನ್ಸಾಸ್‌ನ ಹುಲ್ಲುಗಾವಲಿಗೆ ಹೋದರು. ಆ ನೆಲ ಒಸೇಜ್ ಬುಡಕಟ್ಟಿನವರದು, ಇವರಿಗೆ ಅಲ್ಲಿ ಹಕ್ಕಿರಲಿಲ್ಲ. 1871ರಲ್ಲಿ ಹಿಂದಿರುಗಿದರು.

1874ರಲ್ಲಿ ಮಿನ್ನೆಸೋಟಕ್ಕೆ ಬಂದು ಗೋಧಿ ಬಿತ್ತಿದರೆ ಮಿಡತೆ ಹಿಂಡು ಎರಗಿತು. ಪೈರೂ ಇಲ್ಲ, ಹುಲ್ಲೂ ಇಲ್ಲ. ಅವು ನೆಲದಲ್ಲಿಟ್ಟ ಮೊಟ್ಟೆ ಒಡೆದು ಮರುವರ್ಷದ ಬೆಳೆಯೂ ಹೋಯಿತು. ಊರು ಬಿಟ್ಟು ಕೊಯ್ಲಿನ ಕೂಲಿಗೆ ಹೋದರು. ಕೊನೆಗೆ 1875ರಲ್ಲಿ, ಕೈಯಲ್ಲಿ ಏನೂ ಇಲ್ಲವೆಂದು ಸಹಿ ಹಾಕಿಕೊಟ್ಟು ಪರಿಹಾರದ ಹಿಟ್ಟು ಪಡೆದರು. ದುಡಿದು ತಿನ್ನುವವನಿಗೆ ಆ ಸಹಿ ಎಷ್ಟು ಭಾರವಾಗಿರಬೇಡ! ಮಗಳ ಪುಸ್ತಕದಲ್ಲಿ ಈ ಸಂಗತಿಯಿಲ್ಲ. 1876ರಲ್ಲಿ ಒಬ್ಬನೇ ಮಗ ಒಂಬತ್ತು ತಿಂಗಳ ಕೂಸಾಗಿದ್ದಾಗ ತೀರಿಕೊಂಡದ್ದೂ ಇಲ್ಲ.

1879ರಲ್ಲಿ ಹಿರಿಮಗಳು ಮೇರಿ ಕಣ್ಣು ಕಳೆದುಕೊಂಡಳು. ಅದೇ ವರ್ಷ ರೈಲ್ವೆ ಕೆಲಸ ಹಿಡಿದು ಡಕೋಟಾಕ್ಕೆ ಹೋದರು. ಅಲ್ಲಿ ಐದು ವರ್ಷ ನೆಲೆಸಿ ಉತ್ತರೆ 160 ಎಕರೆ ಸ್ವಂತವಾಗುವ ಕಾನೂನಿತ್ತು. 1880-81ರ ಚಳಿಗಾಲದಲ್ಲಿ ಹಿಮ ಬಿದ್ದು ರೈಲು ನಿಂತಾಗ ಒಣಹುಲ್ಲು ಹೊಸೆದು ಒಲೆ ಉರಿಸಿದರು. ಅಷ್ಟು ಕಷ್ಟದಲ್ಲೂ 1881ರಲ್ಲಿ ಮೇರಿಯನ್ನು ಅಯೋವಾದ ಅಂಧರ ಶಾಲೆಗೆ ಸೇರಿಸಿದರು.

1886ರಲ್ಲಿ ಜಮೀನು ಹೆಸರಿಗಾಯಿತು. ಆದರೆ ಮರುವರ್ಷವೇ ಡಿ ಸ್ಮೆಟ್ ಪೇಟೆಯಲ್ಲಿ ಮನೆ ಕಟ್ಟಿ ಬಡಗಿ ಕೆಲಸಕ್ಕಿಳಿದರು. 1892ರಲ್ಲಿ ಜಮೀನನ್ನೂ ಮಾರಿದರು. 1902ರ ಜೂನ್ 8ರಂದು ತೀರಿಕೊಂಡಾಗ ವಯಸ್ಸು 66. ಮಗಳ ಮೊದಲ ಪುಸ್ತಕ ಬಂದದ್ದು 1932ರಲ್ಲಿ. ಸಂಜೆ ಮಕ್ಕಳಿಗಾಗಿ ಅವರು ಬಾರಿಸುತ್ತಿದ್ದ ಪಿಟೀಲನ್ನು ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ನಲ್ಲಿರುವ ಲಾರಾ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ.