ಭಗತ್ ಸಿಂಗ್: ಭಾಷೆ, ಲಿಪಿ ಮತ್ತು ಕ್ರಾಂತಿ

ಭಗತ್ ಸಿಂಗ್ ಜನಮಾನಸದಲ್ಲಿ ಉಳಿದಿರುವುದು ಪಿಸ್ತೂಲು, ಬಾಂಬು ಹಾಗೂ ನೇಣುಗಂಬಗಳ ಮೂಲಕ. ಉರ್ದು, ಹಿಂದಿ, ಪಂಜಾಬಿ ಮತ್ತು ಇಂಗ್ಲಿಷ್‌ಗಳಲ್ಲಿ ಬರೆದ ಲೇಖಕನಾಗಿ ಆತನನ್ನು ಗುರುತಿಸಿದ್ದು ಕಡಿಮೆ. ಆದರೆ ಆತನ ಕ್ರಾಂತಿಕಾರಿ ಚಿಂತನೆಯ ಆರಂಭವನ್ನು ಭಾಷೆಯ ಪ್ರಶ್ನೆಯಲ್ಲಿಯೇ ಕಾಣಬಹುದಾಗಿದೆ.

ಈಗ ಪಾಕಿಸ್ತಾನದಲ್ಲಿರುವ ಬಂಗಾ ಗ್ರಾಮದಲ್ಲಿ 1907ರ ಸೆಪ್ಟೆಂಬರಿನಲ್ಲಿ ಭಗತ್ ಸಿಂಗ್ ಜನಿಸಿದ. ಅದೇ ವರ್ಷ ಚಿಕ್ಕಪ್ಪ ಅಜಿತ್ ಸಿಂಗ್, ರೈತ ಚಳವಳಿಯ ಕಾರಣದಿಂದ ಮಂಡಾಲೆಗೆ ಗಡೀಪಾರಾಗಿದ್ದರು. ಅಸಹಕಾರ ಚಳವಳಿಯ ದಿನಗಳಲ್ಲಿ ಲಾಹೋರಿನ ನ್ಯಾಷನಲ್ ಕಾಲೇಜು ಸೇರಿದ ಆತ, ಮನೆಯವರು ಮದುವೆಗೆ ಒತ್ತಾಯಿಸಿದಾಗ ಕಾನ್ಪುರಕ್ಕೆ ತೆರಳಿ, ಗಣೇಶ್ ಶಂಕರ್ ವಿದ್ಯಾರ್ಥಿಯವರ 'ಪ್ರತಾಪ್' ಪತ್ರಿಕೆಯಲ್ಲಿ ದುಡಿದ.

1924ರಲ್ಲಿ ಪಂಜಾಬಿನ ಭಾಷೆ ಮತ್ತು ಲಿಪಿಯ ಸಮಸ್ಯೆಯನ್ನು ಕುರಿತು ಆತ ಬರೆದ ಹಿಂದಿ ಪ್ರಬಂಧ ಸ್ಪರ್ಧೆಯೊಂದರಲ್ಲಿ ಬಹುಮಾನ ಪಡೆಯಿತು. ಒಂದೇ ಪಂಜಾಬಿಯನ್ನಾಡುವ ಜನ ಧರ್ಮದ ಹೆಸರಿನಲ್ಲಿ ಉರ್ದು, ಹಿಂದಿ, ಗುರುಮುಖಿಗಳ ನಡುವೆ ಹಂಚಿಹೋಗಿದ್ದುದು ಅದರ ಮುಖ್ಯ ಆತಂಕ. ದೇವನಾಗರಿ ಲಿಪಿಯನ್ನು ಒಪ್ಪಿಕೊಳ್ಳುವುದು ಆತ ಸೂಚಿಸಿದ ಪರಿಹಾರ. ಈ ಪರಿಹಾರ ಚರ್ಚಾಸ್ಪದವೇ ಸರಿ; ಮೂರು ಲಿಪಿಗಳಲ್ಲಿ ಒಂದನ್ನು ಆರಿಸಿಕೊಂಡ ಮಾತ್ರಕ್ಕೆ ಧರ್ಮದ ಗುರುತು ಅಳಿಯುವುದಿಲ್ಲ. ಮುಂದೆ ಆತನ ಬರವಣಿಗೆಯೂ ಈ ಸೂತ್ರಕ್ಕೆ ಕಟ್ಟುಬೀಳಲಿಲ್ಲ. 1928ರಲ್ಲಿ ಕೋಮುಗಲಭೆ ಹಾಗೂ ಅಸ್ಪೃಶ್ಯತೆಗಳ ಬಗೆಗಿನ ಲೇಖನಗಳನ್ನು ಆತ ಪ್ರಕಟಿಸಿದ್ದು 'ಕಿರ್ತಿ' ಎಂಬ ಪಂಜಾಬಿ ಪತ್ರಿಕೆಯಲ್ಲಿ. ಲಿಪಿಯ ಏಕತೆಯಿಂದ ಹೊರಟ ಚಿಂತನೆ ಇಲ್ಲಿ ದುಡಿಯುವ ವರ್ಗದ ಏಕತೆಯ ಕಡೆಗೆ ಹೊರಳಿದೆ.

ಅದೇ ವರ್ಷದ ಡಿಸೆಂಬರ್ 17ರಂದು ಲಾಲಾ ಲಜಪತ್ ರಾಯ್ ಅವರ ಸಾವಿಗೆ ಪ್ರತೀಕಾರವಾಗಿ ಪೊಲೀಸ್ ಅಧಿಕಾರಿ ಸ್ಕಾಟ್‌ನ ಬದಲು ಸಾಂಡರ್ಸ್‌ನನ್ನು ತಪ್ಪಾಗಿ ಕೊಲ್ಲಲಾಯಿತು. 1929ರ ಏಪ್ರಿಲ್ 8ರಂದು ಬಟುಕೇಶ್ವರ ದತ್ತನೊಡನೆ ಕೇಂದ್ರ ಶಾಸನಸಭೆಯಲ್ಲಿ ಬಾಂಬೆಸೆದ ಭಗತ್ ಸಿಂಗ್ ತಪ್ಪಿಸಿಕೊಳ್ಳಲು ಯತ್ನಿಸದೆ ಬಂಧನಕ್ಕೊಳಗಾದ. ನ್ಯಾಯಾಲಯವನ್ನೇ ವಿಚಾರಗಳ ವೇದಿಕೆಯಾಗಿಸುವುದು ಇದರ ಉದ್ದೇಶವಾಗಿತ್ತು. ರಾಜಕೀಯ ಕೈದಿಗಳ ಹಕ್ಕಿಗಾಗಿ ನಡೆದ ಉಪವಾಸದಲ್ಲಿ ಜತೀಂದ್ರನಾಥ ದಾಸ್ 63ನೆಯ ದಿನ ಅಸುನೀಗಿದ. ಸೆರೆಮನೆಯ ಟಿಪ್ಪಣಿ ಪುಸ್ತಕದಲ್ಲಿ ಮಾರ್ಕ್ಸ್, ಎಂಗೆಲ್ಸ್ ಮೊದಲಾದವರ ಬರಹಗಳ ಭಾಗಗಳೊಂದಿಗೆ ಉರ್ದು ಕವಿತೆಗಳೂ ಇವೆ. ನಾಸ್ತಿಕತೆಯನ್ನು ಸಮರ್ಥಿಸುವ ಪ್ರಸಿದ್ಧ ಪ್ರಬಂಧ 1930ರದು. ಅದೇ ವರ್ಷ ವಿಶೇಷ ನ್ಯಾಯಮಂಡಳಿಯು ಮರಣದಂಡನೆ ವಿಧಿಸಿತು.

1931ರ ಮಾರ್ಚ್ 23ರಂದು ರಾಜಗುರು, ಸುಖದೇವ್ ಅವರೊಂದಿಗೆ ಭಗತ್ ಸಿಂಗ್‌ನನ್ನು ಲಾಹೋರಿನಲ್ಲಿ ಗಲ್ಲಿಗೇರಿಸಲಾಯಿತು. ಆಗ ಆತನ ವಯಸ್ಸು 23. ಇದನ್ನು ಪ್ರತಿಭಟಿಸಿದ ಹರತಾಳದ ಸಂದರ್ಭದಲ್ಲಿ ಕಾನ್ಪುರದಲ್ಲಿ ಹಿಂದೂ–ಮುಸ್ಲಿಂ ಗಲಭೆ ಭುಗಿಲೆದ್ದಿತು. ಮಾರ್ಚ್ 25ರಂದು ಜನರ ಪ್ರಾಣ ಉಳಿಸಲು ಬೀದಿಗಿಳಿದಿದ್ದ ಗಣೇಶ್ ಶಂಕರ್ ವಿದ್ಯಾರ್ಥಿಯವರು ಹತರಾದರು. ಹದಿಹರೆಯದ ಭಗತ್ ಸಿಂಗ್ ಲಿಪಿಯ ಜಗಳದಲ್ಲಿ ಕಂಡಿದ್ದ ಬಿರುಕು ಆತನ ಸಾವಿನ ಶೋಕಾಚರಣೆಯನ್ನೂ ಸೀಳಿತು. ವಸಾಹತುಶಾಹಿ ಆಳ್ವಿಕೆ 1947ರಲ್ಲಿ ಕೊನೆಗೊಂಡರೂ ಪಂಜಾಬು ಇಬ್ಭಾಗವಾಯಿತು. ಇಂದಿಗೂ ಪಂಜಾಬಿಯನ್ನು ಗಡಿಯ ಈಚೆಗೆ ಗುರುಮುಖಿಯಲ್ಲಿ, ಆಚೆಗೆ ಶಾಹಮುಖಿಯಲ್ಲಿ ಬರೆಯಲಾಗುತ್ತಿದೆ.